ಬನಿಯನ್ ಮೇಲೆ ಬರೆದ ಚರಿತ್ರೆ



ಈ ನವೆಂಬರಿನ ರಾಜ್ಯೋತ್ಸವಕ್ಕೆ ನಮ್ಮ ಕನ್ನಡ ಶಾಲೆಯ ಟಿ-ಶರ್ಟನ್ನು ಮಕ್ಕಳೇ ವಿನ್ಯಾಸ ಮಾಡಬೇಕು ಅಂತ ತೀರ್ಮಾನವಾಗಿರುವುದು ನಿಮಗೆಲ್ಲ ಗೊತ್ತು. ಆರನೇ ತರಗತಿಯಿಂದ ಹನ್ನೆರಡನೇ ತರಗತಿಯವರೆಗೆ ಯಾರು ಬೇಕಾದರೂ ಚಿತ್ರ ಕಳಿಸಬಹುದು. ಒಂದು ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಗೆದ್ದ ಚಿತ್ರ ಯಾವುದು ಅಂತ ಹೇಳುವವರು ಯಾರು? ದೊಡ್ಡವರ ಸಮಿತಿಯೋ, ಅದನ್ನು ಹಾಕಿಕೊಳ್ಳುವ ಮಕ್ಕಳೋ? ಮುಂದಿನ ಪೋಷಕರ ಸಭೆಯಲ್ಲಿ ಇದರ ಚರ್ಚೆ ನಡೆಯಲಿದೆ. ನನಗೂ ಒಂದು ಅಭಿಪ್ರಾಯ ಇದೆ. ಆದರೆ ಅದನ್ನು ಹೇಳುವ ಮೊದಲು ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಈ ವರ್ಷ ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ ಓದುತ್ತಿದ್ದೇನೆ, ಅದರಲ್ಲಿ ಟಿ-ಶರ್ಟು ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಇಣುಕಿ ನೋಡುತ್ತದೆ.

ಮೊದಲು ಹೆಸರು. ತೋಳು ಚಾಚಿ ಹಾಸಿದರೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಕಾಣುವುದರಿಂದ ಟಿ-ಶರ್ಟ್. ಈ ಪದ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1920ರಲ್ಲಿ, ಎಫ್. ಸ್ಕಾಟ್ ಫಿಟ್ಸ್‌ಜೆರಾಲ್ಡ್ ಅವರ 'ದಿಸ್ ಸೈಡ್ ಆಫ್ ಪ್ಯಾರಡೈಸ್' ಕಾದಂಬರಿಯಲ್ಲಿ ಅಂತ ನಿಘಂಟಿನವರು ಹೇಳುತ್ತಾರೆ. ಅಲ್ಲಿ ಅದು ಎಲ್ಲಿ ಬರುತ್ತದೆ ಗೊತ್ತೇ? ಬೋರ್ಡಿಂಗ್ ಶಾಲೆಗೆ ಹೊರಟ ಹುಡುಗನ ಸಾಮಾನಿನ ಪಟ್ಟಿಯಲ್ಲಿ! ಅಂದರೆ ಟಿ-ಶರ್ಟು ಪುಸ್ತಕದೊಳಗೆ ಬಂದದ್ದೇ ಒಬ್ಬ ವಿದ್ಯಾರ್ಥಿಯ ಪೆಟ್ಟಿಗೆಯೊಳಗೆ ಕೂತುಕೊಂಡು.

ನಮ್ಮ ಅಜ್ಜಿ ಮಾತ್ರ ಇವತ್ತಿಗೂ ಟಿ-ಶರ್ಟನ್ನು "ಬನಿಯನ್" ಅಂತಲೇ ಕರೆಯುತ್ತಾರೆ. "ಬನಿಯನ್ ಹಾಕ್ಕೊಂಡೇ ಅಂಗಡಿಗೆ ಹೊರಟ್ಯಾ?" ಅಂತ ಫೋನಿನಲ್ಲಿ ಕೇಳುತ್ತಾರೆ. ನಗಬೇಡಿ, ಅಜ್ಜಿ ಹೇಳುವುದು ಚರಿತ್ರೆಯ ಪ್ರಕಾರ ಸರಿ. ಟಿ-ಶರ್ಟು ಹುಟ್ಟಿದ್ದು ಒಳಉಡುಪಾಗಿಯೇ. 1913ರ ಹೊತ್ತಿಗೆ ಅಮೆರಿಕದ ನೌಕಾಪಡೆ ತನ್ನ ನಾವಿಕರಿಗೆ ಸಮವಸ್ತ್ರದ ಒಳಗೆ ಹಾಕಿಕೊಳ್ಳಲು ಬಿಳಿ ಹತ್ತಿಯ ಗಿಡ್ಡ ತೋಳಿನ ಅಂಗಿ ಕೊಡುತ್ತಿತ್ತು. ಬಿಸಿಲಿನಲ್ಲಿ, ಹಡಗಿನ ಇಂಜಿನ್ನಿನ ಹತ್ತಿರ ದುಡಿಯುವಾಗ ಅವರು ಮೇಲಿನ ಅಂಗಿ ಬಿಚ್ಚಿ ಅದೊಂದರಲ್ಲೇ ಇರುತ್ತಿದ್ದರು. ಬನಿಯನ್ ಅನ್ನುವ ಪದದ ಕತೆಯೂ ಚೆನ್ನಾಗಿದೆ. ಗುಜರಾತಿನ ವಾಣಿಯಾ ವ್ಯಾಪಾರಿಗಳ ಹೆಸರು ಪೋರ್ಚುಗೀಸರ ಬಾಯಿಗೆ ಸಿಕ್ಕಿ, ಅಲ್ಲಿಂದ ಇಂಗ್ಲಿಷಿಗೆ ಹೋಗಿ, ಭಾರತದ ಕಡೆಯ ಸಡಿಲ ಅಂಗಿಗೆ ಹೆಸರಾಯಿತು. ಆಮೇಲೆ ತಿರುಗಿ ನಮ್ಮ ಮನೆಗೆ ಬಂದು ಒಳಗಿನ ಅಂಗಿಯಾಗಿ ಕೂತಿತು. ಅದೇ ವ್ಯಾಪಾರಿಗಳು ನೆರಳಿಗೆ ಕೂರುತ್ತಿದ್ದ ಆಲದ ಮರಕ್ಕೂ ಇಂಗ್ಲಿಷಿನಲ್ಲಿ ಅದೇ ಹೆಸರು ಬಿತ್ತು. ಒಂದು ಮರ, ಒಂದು ಒಳಅಂಗಿ, ಎರಡಕ್ಕೂ ಒಂದೇ ಬೇರು.

ಹತ್ತಿಯ ವಿಷಯದಲ್ಲೂ ನಮ್ಮೂರಿನ ನಂಟು ಇದೆ. ಈಗ ನೀವು ಹಾಕಿಕೊಂಡಿರುವ ಟಿ-ಶರ್ಟಿನ ಹತ್ತಿ ಬಹುಮಟ್ಟಿಗೆ ಅಮೆರಿಕ ಖಂಡ ಮೂಲದ ತಳಿಯದ್ದು, ಯಾಕೆಂದರೆ ಜಗತ್ತಿನಲ್ಲಿ ಇಂದು ಬೆಳೆಯುವ ಹತ್ತಿಯಲ್ಲಿ ಹೆಚ್ಚಿನದು ಅದೇ. ಈ ತಳಿಯನ್ನು ಭಾರತದಲ್ಲಿ ಬೆಳೆಸಬೇಕೆಂದು ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಕರೆಸಿತು. ಬಹಳ ಕಡೆ ಪ್ರಯತ್ನ ಕೈಕೊಟ್ಟಿತು. ಬೇರೂರಿದ ಕೆಲವೇ ಜಾಗಗಳಲ್ಲಿ ಮುಖ್ಯವಾದದ್ದು ಧಾರವಾಡ. ಅಲ್ಲಿನ ಕಪ್ಪು ಮಣ್ಣಿನಲ್ಲಿ ನ್ಯೂ ಆರ್ಲಿಯನ್ಸ್ ಹತ್ತಿ ಹಿಡಿಯಿತು. ಅದಕ್ಕೆ ಮಾರುಕಟ್ಟೆಯಲ್ಲಿ 'ಧಾರವಾಡ-ಅಮೆರಿಕನ್' ಅಂತಲೇ ಹೆಸರಾಯಿತು. ನಮ್ಮಲ್ಲಿ ಧಾರವಾಡದ ಕಡೆಯ ಮನೆಗಳು ನಾಲ್ಕೈದು ಇವೆ. ನಮಗಿಂತ ನೂರೆಂಬತ್ತು ವರ್ಷ ಮೊದಲೇ 'ಧಾರವಾಡ-ಅಮೆರಿಕನ್' ಆಗಿದ್ದು ಒಂದು ಗಿಡ ಅಂತ ಅವರಿಗೆ ಹೇಳಬೇಕು ಅನ್ನಿಸಿತು.

ಇಷ್ಟಾದರೂ ಅಂಗಿ ಇನ್ನೂ ಬಿಳಿಯದೇ. ಬರಹ ಯಾವಾಗ ಬಂತು?

ಮೊದಮೊದಲು ಶಾಲೆ-ಕಾಲೇಜುಗಳ ಹೆಸರು, ಸೇನಾ ತರಬೇತಿ ಕೇಂದ್ರಗಳ ಹೆಸರು. 1942ರ ಜುಲೈ 13ರ 'ಲೈಫ್' ಪತ್ರಿಕೆಯ ಮುಖಪುಟದಲ್ಲಿ ಒಬ್ಬ ಸೈನಿಕ ಇದ್ದಾನೆ. ಅವನ ಟಿ-ಶರ್ಟಿನ ಎದೆಯ ಮೇಲೆ ಲಾಸ್ ವೇಗಸ್‌ನ ವಾಯುಪಡೆಯ ಗನ್ನರಿ ಶಾಲೆಯ ಲಾಂಛನ ಇದೆ. ಯುದ್ಧ ಮುಗಿದ ಮೇಲೆ ಸೈನಿಕರು ಆ ಅಂಗಿಗಳನ್ನು ಹಾಕಿಕೊಂಡೇ ಮನೆಗೆ, ಕಾಲೇಜಿಗೆ ಬಂದರು. 1948ರ ಅಧ್ಯಕ್ಷೀಯ ಚುನಾವಣೆಯಲ್ಲಿ ಥಾಮಸ್ ಡ್ಯೂಯಿ ಅವರ ಘೋಷಣೆ ಟಿ-ಶರ್ಟಿನ ಮೇಲೆ ಬಂತು. ಅಂಥ ಒಂದು ಅಂಗಿ ಸ್ಮಿತ್ಸೋನಿಯನ್ ಸಂಗ್ರಹದಲ್ಲಿ ಇದೆ. (ಡ್ಯೂಯಿ ಸೋತರು. ಅಂಗಿ ಉಳಿಯಿತು.) 1951ರಲ್ಲಿ ಮಾರ್ಲನ್ ಬ್ರಾಂಡೊ, 1955ರಲ್ಲಿ ಜೇಮ್ಸ್ ಡೀನ್ ಸಿನಿಮಾದಲ್ಲಿ ಬರೀ ಟಿ-ಶರ್ಟಿನಲ್ಲಿ ಕಾಣಿಸಿಕೊಂಡ ಮೇಲೆ ಹದಿಹರೆಯದವರು ಅದನ್ನು ಒಳಗಿಂದ ಹೊರಗೆ ತಂದರು. ಒಳಉಡುಪನ್ನೇ ಹಾಕಿಕೊಂಡು ಬೀದಿಗೆ ಹೊರಟ ಮಕ್ಕಳನ್ನು ನೋಡಿ ಆ ಕಾಲದ ಅಜ್ಜಿಯರು ಏನು ಅಂದಿರಬಹುದು ಅಂತ ನಾವೆಲ್ಲ ಊಹಿಸಬಲ್ಲೆವು.

ಈಗ ಮುದ್ರಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಚಿತ್ರ ಬಿಡಿಸುವವರಿಗೆ ಇದರ ಉಪಯೋಗ ಇದೆ. ಗಾಂಧಿ ಬಜಾರಿನಲ್ಲಿ ರಂಗೋಲಿ ಅಚ್ಚು ಸಿಗುತ್ತದಲ್ಲ, ತಟ್ಟೆಯ ಹಾಗಿದ್ದು ತೂತುಗಳಿರುವುದು? ಅದನ್ನು ನೆಲದ ಮೇಲಿಟ್ಟು ಪುಡಿ ಹಾಕಿ ಕೈಯಾಡಿಸಿದರೆ ತೂತಿರುವ ಕಡೆ ಮಾತ್ರ ಪುಡಿ ಇಳಿಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಅಂದರೆ ಅದೇ. ಪುಡಿಯ ಬದಲು ಶಾಯಿ, ತಟ್ಟೆಯ ಬದಲು ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಯ ಜಾಲರಿ. ಚಿತ್ರ ಇರುವ ಕಡೆ ಜಾಲರಿ ತೆರೆದಿರುತ್ತದೆ, ಉಳಿದ ಕಡೆ ಮುಚ್ಚಿರುತ್ತದೆ. ಮೇಲೆ ಶಾಯಿ ಸುರಿದು ರಬ್ಬರ್ ಪಟ್ಟಿಯಿಂದ ಎಳೆದರೆ ಕೆಳಗಿನ ಬಟ್ಟೆಯ ಮೇಲೆ ಚಿತ್ರ ಬೀಳುತ್ತದೆ. ಚೀನಾ, ಜಪಾನುಗಳಲ್ಲಿ ಇಂಥ ಕೊರೆದ ಅಚ್ಚುಗಳ ವಿದ್ಯೆ ಬಹಳ ಹಳೆಯದು. 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುಯೆಲ್ ಸೈಮನ್ ರೇಷ್ಮೆಯ ಜಾಲರಿ ಬಳಸುವ ಕ್ರಮಕ್ಕೆ ಪೇಟೆಂಟ್ ಪಡೆದರು. 1930ರ ದಶಕದ ಆರ್ಥಿಕ ಕುಸಿತದ ಸಮಯದಲ್ಲಿ ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಕೆಲಸ ಕೊಟ್ಟಾಗ, ನ್ಯೂಯಾರ್ಕಿನಲ್ಲಿ ಆಂಥನಿ ವೆಲೋನಿಸ್ ಅನ್ನುವವರು ಇದೇ ಕ್ರಮದಲ್ಲಿ ಪೋಸ್ಟರುಗಳನ್ನು ಅಗ್ಗವಾಗಿ ಅಚ್ಚು ಹಾಕುವುದನ್ನು ಬೆಳೆಸಿದರು. ಆಮೇಲೆ ಪ್ಲಾಸ್ಟಿಸಾಲ್ ಅನ್ನುವ ಶಾಯಿ ಬಂತು. ಅದು ತಾನಾಗಿ ಒಣಗುವುದಿಲ್ಲ, ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಟ್ಟರೆ ಮಾತ್ರ ಗಟ್ಟಿಯಾಗುತ್ತದೆ. ಆದ್ದರಿಂದ ಕೆಲಸದ ಮಧ್ಯೆ ಜಾಲರಿ ಕಟ್ಟಿಕೊಳ್ಳುವುದಿಲ್ಲ, ಒಗೆದರೆ ಚಿತ್ರ ಹೋಗುವುದೂ ಇಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಜಾಲರಿ ಬೇಕು. ನಮ್ಮ ಸ್ಪರ್ಧೆಯಲ್ಲಿ "ಎರಡೇ ಬಣ್ಣ" ಅನ್ನುವ ನಿಯಮ ಯಾಕೆ ಅಂತ ಕೇಳಿದವರಿಗೆ ಇದೇ ಉತ್ತರ. ಬಣ್ಣ ಹೆಚ್ಚಿದಷ್ಟೂ ಜಾಲರಿ ಹೆಚ್ಚು, ಖರ್ಚು ಹೆಚ್ಚು.

ವಿದ್ಯಾರ್ಥಿಗಳ ಸ್ಪರ್ಧೆ ಅಂದರೆ ಏನೋ ಮಕ್ಕಳಾಟ, ಗೋಡೆಗೆ ಅಂಟಿಸಿ ಮರೆತುಬಿಡುವುದು ಅಂತ ನೀವು ಅಂದುಕೊಂಡಿದ್ದರೆ ಬೆನ್ನಿ ಬೆನ್ಸನ್ ಅನ್ನುವ ಹುಡುಗನ ಕತೆ ಕೇಳಿ. ಇದು ಟಿ-ಶರ್ಟಿನ ಕತೆಯಲ್ಲ, ಬಾವುಟದ ಕತೆ. ಆದರೂ ನನಗೆ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಇದೇ.

1920ರ ದಶಕದಲ್ಲಿ ಅಲಾಸ್ಕ ಇನ್ನೂ ರಾಜ್ಯವಾಗಿರಲಿಲ್ಲ, ಅದಕ್ಕೊಂದು ಬಾವುಟವೂ ಇರಲಿಲ್ಲ. ಅಮೆರಿಕನ್ ಲೀಜನ್ ಸಂಸ್ಥೆಯವರು ಅಲಾಸ್ಕದ ಏಳರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ ಒಂದು ಸ್ಪರ್ಧೆ ಇಟ್ಟರು: ಬಾವುಟ ನೀವೇ ಬಿಡಿಸಿ. ಗಮನಿಸಿ, ದೊಡ್ಡ ಕಲಾವಿದರಿಗಲ್ಲ, ಮಕ್ಕಳಿಗೆ. ಅಲ್ಲಲ್ಲಿನ ಶಾಲೆಗಳಲ್ಲಿ ಮೊದಲ ಸುತ್ತು ಆಯ್ಕೆಯಾಗಿ, ಅಲ್ಲಿಂದ 142 ಚಿತ್ರಗಳು ರಾಜಧಾನಿ ಜೂನೋಗೆ ಹೋದವು. ಗೆದ್ದದ್ದು ಸೀವರ್ಡ್ ಊರಿನ ಜೆಸ್ಸಿ ಲೀ ಹೋಮ್ ಅನ್ನುವ ಅನಾಥಾಲಯದ ಬೆನ್ನಿಯ ಚಿತ್ರ. ಅವನ ತಾಯಿ ಅಲಾಸ್ಕದ ಮೂಲನಿವಾಸಿ ಜನಾಂಗದವರು, ತಂದೆ ಸ್ವೀಡನ್ ಮೂಲದವರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರು. ಆಗ ಅವನಿಗೆ ಹದಿಮೂರು-ಹದಿನಾಲ್ಕು ವರ್ಷ.

ಅವನು ಬಿಡಿಸಿದ್ದು ಏನು? ಕಡುನೀಲಿ ಬಟ್ಟೆ, ಅದರ ಮೇಲೆ ಎಂಟು ಚಿನ್ನದ ಬಣ್ಣದ ನಕ್ಷತ್ರ. ನಮ್ಮ ಅಜ್ಜಂದಿರು ತೋರಿಸುವ ಸಪ್ತರ್ಷಿ ಮಂಡಲ ಮತ್ತು ಧ್ರುವ ನಕ್ಷತ್ರ, ಅಷ್ಟೇ. ನೀಲಿ ಅಲಾಸ್ಕದ ಆಕಾಶಕ್ಕೂ ಅಲ್ಲಿನ ಒಂದು ಪುಟ್ಟ ಕಾಡುಹೂವಿಗೂ, ಧ್ರುವ ನಕ್ಷತ್ರ ಮುಂದೊಂದು ದಿನ ಎಲ್ಲಕ್ಕಿಂತ ಉತ್ತರದ ರಾಜ್ಯವಾಗಲಿರುವ ಅಲಾಸ್ಕಕ್ಕೂ, ಏಳು ನಕ್ಷತ್ರಗಳ ಗುಂಪು ದೊಡ್ಡ ಕರಡಿಗೂ ಗುರುತು ಅಂತ ಅವನು ವಿವರಿಸಿದ್ದ. ಕರಡಿಯ ಚಿತ್ರವಿಲ್ಲ, ಹಿಮದ ಬೆಟ್ಟವಿಲ್ಲ, ಮೀನಿಲ್ಲ, ಊರಿನ ಹೆಸರೂ ಇಲ್ಲ. 1927ರ ಮೇ ತಿಂಗಳಲ್ಲಿ ಅಲಾಸ್ಕದ ಶಾಸನಸಭೆ ಅದನ್ನು ಒಪ್ಪಿತು. ಬೆನ್ನಿಗೆ ಒಂದು ಕೈಗಡಿಯಾರ ಮತ್ತು ಓದಿಗೆ 1,000 ಡಾಲರ್ ಸಿಕ್ಕಿತು. ಆ ದುಡ್ಡಿನಿಂದ ಮುಂದೆ ಅವನು ಡೀಸೆಲ್ ಇಂಜಿನ್ ರಿಪೇರಿ ಕಲಿತ. 1959ರಲ್ಲಿ ಅಲಾಸ್ಕ ರಾಜ್ಯವಾದಾಗ ಬಾವುಟ ಬದಲಾಗಲಿಲ್ಲ. ಇವತ್ತಿಗೂ ಅದೇ.

ನಮ್ಮ ಹಳದಿ-ಕೆಂಪು ಕನ್ನಡ ಬಾವುಟವನ್ನು 1960ರ ದಶಕದಲ್ಲಿ ರೂಪಿಸಿದವರು ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಅವರು. ಅದೂ ಎರಡೇ ಬಣ್ಣ.

ಇನ್ನೊಂದು ಸ್ಪರ್ಧೆಯ ಫಲ ನಿಮ್ಮ ಅಡುಗೆಮನೆಯಲ್ಲೇ ಇದೆ. ಹಾಲಿನ ಡಬ್ಬವನ್ನೋ ರಟ್ಟಿನ ಪೆಟ್ಟಿಗೆಯನ್ನೋ ತಿರುಗಿಸಿ ನೋಡಿ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಮೂರು ಬಾಣ ಕಾಣುತ್ತದೆ. ಮೊದಲ ಭೂಮಿ ದಿನ ನಡೆದ 1970ರಲ್ಲಿ ಅಮೆರಿಕದ ಒಂದು ರಟ್ಟಿನ ಕಂಪನಿ ವಿದ್ಯಾರ್ಥಿಗಳಿಗೆ ಇಟ್ಟ ಸ್ಪರ್ಧೆಯಲ್ಲಿ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಗ್ಯಾರಿ ಆಂಡರ್ಸನ್ ಬಿಡಿಸಿದ್ದು ಅದು. ಐನೂರಕ್ಕೂ ಹೆಚ್ಚು ಚಿತ್ರ ಬಂದಿದ್ದವು, ಬಹುಮಾನ 2,500 ಡಾಲರ್. ಸ್ಪರ್ಧೆಯಲ್ಲದಿದ್ದರೂ ಇದೇ ಕಾಲದ ಇನ್ನೊಂದು ಸಂಗತಿ: 1971ರಲ್ಲಿ ಪೋರ್ಟ್‌ಲ್ಯಾಂಡಿನ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ಒಂದು ಶೂ ಕಂಪನಿಗೆ ಗುರುತು ಬಿಡಿಸಿಕೊಟ್ಟು ಪಡೆದದ್ದು 35 ಡಾಲರ್. ಆ ಕಂಪನಿಯ ಹೆಸರು ನೈಕಿ. ಮಾಲೀಕ ಫಿಲ್ ನೈಟ್ ಅವರಿಗೆ ಆ ಗುರುತು ನೋಡಿದೊಡನೆ ಅಷ್ಟೇನೂ ಹಿಡಿಸಲಿಲ್ಲ. ನೋಡುತ್ತ ನೋಡುತ್ತ ಇಷ್ಟವಾಗಬಹುದು ಅಂತ ಒಪ್ಪಿಕೊಂಡರಂತೆ! ಅದೃಷ್ಟಕ್ಕೆ ಹನ್ನೆರಡು ವರ್ಷದ ನಂತರ ಅವರೇ ಕರೆದು ಆಕೆಗೆ ಕಂಪನಿಯ ಷೇರು ಕೊಟ್ಟರು. ನ್ಯೂಯಾರ್ಕಿನ ಕೆಂಪು ಹೃದಯದ ಗುರುತು ಮಾತ್ರ ವಿದ್ಯಾರ್ಥಿಯದಲ್ಲ. ಮಿಲ್ಟನ್ ಗ್ಲೇಸರ್ ಟ್ಯಾಕ್ಸಿಯಲ್ಲಿ ಕೂತು ಲಕೋಟೆಯ ಮೇಲೆ ಕೆಂಪು ಕ್ರಯಾನಿನಲ್ಲಿ ಗೀಚಿದ್ದು, ದುಡ್ಡು ತೆಗೆದುಕೊಳ್ಳದೆ ಊರಿಗೆ ಕೊಟ್ಟದ್ದು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಆ ಟಿ-ಶರ್ಟು ಒಂದಾದರೂ ಇರಬೇಕು, ಊರಿನಿಂದ ಬಂದವರಿಗೆಲ್ಲ ಕೊಡಿಸಿ ಕಳಿಸುತ್ತೇವಲ್ಲ!

ಇಲ್ಲಿಯವರೆಗೆ ಆರಿಸಿದವರು ದೊಡ್ಡವರೇ. 2000ದಲ್ಲಿ ಇದು ತಿರುಗಿತು. ಷಿಕಾಗೋದ ಕಲಾ ವಿದ್ಯಾರ್ಥಿ ಜೇಕ್ ನಿಕೆಲ್ ಅಂತರಜಾಲದಲ್ಲಿ ನಡೆದ ಒಂದು ಟಿ-ಶರ್ಟ್ ಸ್ಪರ್ಧೆಯಲ್ಲಿ ಗೆದ್ದರು. ಬರೀ ಒಂದು ಸಲ ಯಾಕೆ, ಸದಾಕಾಲ ಸ್ಪರ್ಧೆಯೇ ನಡೆಯುತ್ತಿದ್ದರೆ ಹೇಗೆ ಅನ್ನಿಸಿ ಗೆಳೆಯ ಜೇಕಬ್ ಡಿಹಾರ್ಟ್ ಜೊತೆ 'ಥ್ರೆಡ್‌ಲೆಸ್' ಶುರುಮಾಡಿದರು. ಹಾಕಿದ ಬಂಡವಾಳ 1,000 ಡಾಲರ್. ಚಿತ್ರ ಯಾರು ಬೇಕಾದರೂ ಕಳಿಸಬಹುದು, ಅಂಕ ಯಾರು ಬೇಕಾದರೂ ಕೊಡಬಹುದು, ಹೆಚ್ಚು ಅಂಕ ಬಂದದ್ದನ್ನು ಅಚ್ಚು ಹಾಕಿ ಮಾರುವುದು. ಹಾಕಿಕೊಳ್ಳುವವರೇ ಆರಿಸಿದ್ದರಿಂದ ಅವರೇ ಕೊಂಡುಕೊಂಡರು.

ಈಗ ಒಂದು ಗಂಭೀರ ವಿಷಯ. ನಮ್ಮ ಸಭೆಗಳಲ್ಲಿ ಒಬ್ಬರಾದರೂ ಕೇಳುವ ಪ್ರಶ್ನೆ ಇದು: "ಕನ್ನಡ ಅಕ್ಷರದ ಟಿ-ಶರ್ಟು ಹಾಕಿಕೊಂಡು ಮಕ್ಕಳು ಸೋಮವಾರ ಅವರ ಶಾಲೆಗೆ ಹೋದರೆ ಯಾರಾದರೂ ಏನಾದರೂ ಅಂದಾರಾ? ಅರ್ಥವಾಗದ ಬರಹ ಅಂತ ತೆಗೆಸಿಯಾರಾ?" ಆಂಟಿಯರೇ, ಅಂಕಲ್‌ಗಳೇ, ನಿಮ್ಮ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದಕ್ಕೇ ಈ ಮೊಕದ್ದಮೆಯ ವಿಷಯ ಹೇಳುತ್ತೇನೆ.

1965ರ ಡಿಸೆಂಬರ್, ಅಯೋವ ರಾಜ್ಯದ ಡಿ ಮೊಯಿನ್ ನಗರ. ವಿಯೆಟ್ನಾಂ ಯುದ್ಧದಲ್ಲಿ ಸತ್ತವರಿಗಾಗಿ ದುಃಖ ಸೂಚಿಸಲು, ಕದನವಿರಾಮ ಬೇಕೆಂದು ಹೇಳಲು ಕೆಲವು ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಲು ನಿರ್ಧರಿಸಿದರು. ವಿಷಯ ತಿಳಿದ ಮುಖ್ಯೋಪಾಧ್ಯಾಯರುಗಳು ಮೊದಲೇ ಸೇರಿ, ಪಟ್ಟಿ ಕಟ್ಟಿದವರನ್ನು ಮನೆಗೆ ಕಳಿಸುವುದೆಂದು ನಿಯಮ ಮಾಡಿದರು. ಮೇರಿ ಬೆತ್ ಟಿಂಕರ್‌ಗೆ ಆಗ 13 ವರ್ಷ, ಅಣ್ಣ ಜಾನ್‌ಗೆ 15, ಗೆಳೆಯ ಕ್ರಿಸ್ಟೋಫರ್ ಎಕ್‌ಹಾರ್ಟ್‌ಗೆ 16. ಅಂದರೆ ಈಗಿನ ನನ್ನ ವಯಸ್ಸು. ಮೂವರೂ ಕಟ್ಟಿಕೊಂಡು ಹೋದರು, ಮೂವರನ್ನೂ ಮನೆಗೆ ಕಳಿಸಿದರು. ಅವರ ತಂದೆಯರು ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಸೋಲಾಯಿತು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಏರಿ, 1969ರ ಫೆಬ್ರವರಿ 24ರಂದು 7-2ರ ಬಹುಮತದಲ್ಲಿ ಮಕ್ಕಳು ಗೆದ್ದರು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು.

ತೀರ್ಪು ಬರೆದ ನ್ಯಾಯಮೂರ್ತಿ ಏಬ್ ಫೋರ್ಟಸ್ ಅವರ ಮಾತಿನ ಸಾರ ಇಷ್ಟು: ಶಾಲೆಯ ಗೇಟು ದಾಟಿದ ಮಾತ್ರಕ್ಕೆ ವಿದ್ಯಾರ್ಥಿ ತನ್ನ ಅಭಿಪ್ರಾಯದ ಹಕ್ಕನ್ನು ಹೊರಗೆ ಬಿಟ್ಟು ಬರಬೇಕಿಲ್ಲ. ಪಾಠಕ್ಕೆ ನಿಜವಾಗಿ ಅಡ್ಡಿಯಾಗುತ್ತದೆ ಅನ್ನಲು ಶಾಲೆಗೆ ಕಾರಣ ಬೇಕು. ಬರೀ ಕಸಿವಿಸಿ ಸಾಲದು. ಇದರರ್ಥ ಏನು ಬೇಕಾದರೂ ಹಾಕಿಕೊಳ್ಳಬಹುದು ಅಂತಲ್ಲ. 1986ರ ಇನ್ನೊಂದು ತೀರ್ಪು ಅಸಭ್ಯ ಮಾತನ್ನು ಶಾಲೆ ತಡೆಯಬಹುದು ಅಂತ ಹೇಳಿತು, ಮತ್ತು ಈ ಹಕ್ಕು ಸರ್ಕಾರಿ ಶಾಲೆಗಳ ಮಟ್ಟಿಗೆ. ಆದರೆ ಎದೆಯ ಮೇಲೆ "ಊಟ ಆಯ್ತಾ?" ಅಂತ ಕನ್ನಡದಲ್ಲಿ ಬರೆದುಕೊಂಡರೆ ಯಾವ ಪಾಠಕ್ಕೆ ಅಡ್ಡಿ, ನೀವೇ ಹೇಳಿ.

ನನ್ನನ್ನು ಕೇಳಿದರೆ, ನಮ್ಮ ಮಕ್ಕಳು ಕನ್ನಡದ ಅಂಗಿಯನ್ನು ಸೋಮವಾರ ಹಾಕಿಕೊಳ್ಳದಿರಲು ಕಾರಣ ಅವರ ಶಾಲೆಯಲ್ಲ. ಅಂಗಿಯೇ. ಕಳೆದ ಕೆಲವು ವರ್ಷಗಳ ಅಂಗಿಗಳನ್ನು ನೆನಪಿಸಿಕೊಳ್ಳಿ: ಹಳದಿ ಬಟ್ಟೆ, ಎದೆಯ ಮೇಲೆ ಕರ್ನಾಟಕದ ನಕ್ಷೆ, ಸುತ್ತ ಶಾಲೆಯ ಪೂರ್ತಿ ಹೆಸರು, ಬೆನ್ನಿಗೆ ಪ್ರಾಯೋಜಕರ ಪಟ್ಟಿ. ಎಲ್ಲ ಮನೆಗಳಲ್ಲೂ ಅದು ಈಗ ರಾತ್ರಿ ಮಲಗುವಾಗ ಹಾಕಿಕೊಳ್ಳುವ ಅಂಗಿ, ಇಲ್ಲವೇ ಕಾರು ಒರೆಸುವ ಬಟ್ಟೆ. ನಮ್ಮ ಮನೆಯಲ್ಲಿ ಎರಡೂ. ಭಾನುವಾರ ಕನ್ನಡ ಶಾಲೆಗೆ ಹಾಕಿಕೊಂಡು ಬಂದು, ಮನೆಗೆ ಹೋಗುವ ದಾರಿಯಲ್ಲಿ ಅಂಗಡಿಗೆ ಇಳಿಯುವ ಮೊದಲು ಮೇಲೆ ಜಾಕೆಟ್ ಏರಿಸುವವರನ್ನು ನಾನು ನೋಡಿದ್ದೇನೆ. ಭಾಷೆಯ ಬಗ್ಗೆ ನಾಚಿಕೆ ಅಂತ ಅಪ್ಪ-ಅಮ್ಮಂದಿರು ಬೇಜಾರು ಮಾಡಿಕೊಳ್ಳುತ್ತಾರೆ. ಅದೇ ಮಕ್ಕಳು ಜಪಾನಿ ಅಕ್ಷರ ಇರುವ ಟಿ-ಶರ್ಟನ್ನು ದುಡ್ಡು ಕೊಟ್ಟು ತಂದು ವಾರಕ್ಕೆರಡು ಸಲ ಹಾಕಿಕೊಳ್ಳುತ್ತಾರೆ, ಅದರಲ್ಲಿ ಒಂದಕ್ಷರ ಓದಲು ಬರದಿದ್ದರೂ. ಹಾಗಾದರೆ ನಾಚಿಕೆ ಅಕ್ಷರದ್ದಲ್ಲ ಅಲ್ಲವೇ? ಈಗ ಬೆಂಗಳೂರಿನಲ್ಲೂ ಕನ್ನಡ ಬರಹದ ಟಿ-ಶರ್ಟುಗಳು ಬೇಕಾದಷ್ಟು ಸಿಗುತ್ತವೆ. ಹೋದ ಬೇಸಿಗೆ ರಜೆಯಲ್ಲಿ ತಂದದ್ದನ್ನು ನಾನು ಹಾಕಿಕೊಂಡು ಹೋದಾಗ ತರಗತಿಯಲ್ಲಿ ಮೂವರು "ಇದು ಯಾವ ಲಿಪಿ, ಎಷ್ಟು ಗುಂಡಗಿದೆ" ಅಂತ ಕೇಳಿದರು.

ಆದ್ದರಿಂದ ನನ್ನ ಅಭಿಪ್ರಾಯ: ಹಾಕಿಕೊಳ್ಳುವವರು ಆರಿಸಲಿ. "ಮಕ್ಕಳು ತಮ್ಮ ಗೆಳೆಯರಿಗೇ ವೋಟು ಹಾಕುತ್ತಾರೆ" ಅಂತ ಒಬ್ಬ ಅಂಕಲ್ ಹೇಳಿದರು. ಅದು ನಿಜವಾದ ತೊಂದರೆ. ಚಿತ್ರಗಳ ಮೇಲೆ ಹೆಸರು ಬೇಡ, ನಂಬರ್ ಇರಲಿ. ದೊಡ್ಡವರು ಆರಿಸಿದರೆ ಕೆಟ್ಟದ್ದೇ ಆರಿಸುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ, ಬೆನ್ನಿಯ ಎಂಟು ನಕ್ಷತ್ರವನ್ನು ಗುರುತಿಸಿದವರು ದೊಡ್ಡವರೇ. ಆದರೆ ಅಲಾಸ್ಕದವರು ಕರಡಿ ಇರಲೇಬೇಕು, ಬೆಟ್ಟ ಇರಲೇಬೇಕು ಅಂತ ಮೊದಲೇ ಹೇಳಿದ್ದರೆ ಆ ಬಾವುಟ ಬರುತ್ತಲೇ ಇರಲಿಲ್ಲ. ಹಾಗಾಗಿ "ನಕ್ಷೆ ಕಡ್ಡಾಯ" ಅನ್ನುವ ಸಾಲನ್ನು ನಿಯಮದಿಂದ ತೆಗೆಯಬೇಕೆಂದು ಸಭೆಯಲ್ಲಿ ಕೇಳುತ್ತೇನೆ. ಒಂದು ಅಧಿಕಾರ ಮಾತ್ರ ಹಿರಿಯರಿಗೆ ಪೂರ್ತಿ ಇರಲಿ: ಕಾಗುಣಿತ. ಅಜ್ಜ-ಅಜ್ಜಿಯರು ಯಾರಾದರೂ ಓದಿ ಸರಿ ಅನ್ನುವವರೆಗೆ ಯಾವ ಚಿತ್ರವೂ ಅಚ್ಚಿಗೆ ಹೋಗಬಾರದು.

ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ಚಿತ್ರ ಬಿಡಿಸುವ ಹಲವು ಸಾಫ್ಟ್‌ವೇರುಗಳಿಗೆ ಕನ್ನಡದ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ಅಕ್ಕ' ಅಂತ ಬರೆದರೆ 'ಅಕ್‌ಕ' ಅಂತ ಒಡೆದು ಕೂರುತ್ತದೆ. ಫೋನಿನಲ್ಲಿ ಸರಿ ಕಂಡದ್ದು ಅಚ್ಚಿನವರ ಕಂಪ್ಯೂಟರಿನಲ್ಲಿ ಒಡೆಯಬಹುದು. ಆದ್ದರಿಂದ ಅಕ್ಷರಗಳನ್ನು ಗೆರೆಯ ಆಕಾರಕ್ಕೆ ಬದಲಿಸಿಯೇ ಕಳಿಸಿ, ಇಲ್ಲವೇ ಕೈಯಲ್ಲೇ ದಪ್ಪ ಪೆನ್ನಿನಿಂದ ಬರೆದು ಸ್ಕ್ಯಾನ್ ಮಾಡಿ. ಕೈಬರಹವೇ ಚೆನ್ನ ಅಂತ ನನ್ನ ಅನಿಸಿಕೆ. ಒತ್ತಕ್ಷರದ ಒಳಗಿನ ಸಂದುಗಳನ್ನು ಸ್ವಲ್ಪ ಅಗಲ ಬಿಡಿ, ಸಣ್ಣದಾಗಿದ್ದರೆ ಶಾಯಿ ತುಂಬಿಕೊಂಡು ಮುಚ್ಚಿಹೋಗುತ್ತದೆ. ಎರಡು ಬಣ್ಣ ಅಂದರೆ ಬಟ್ಟೆಯ ಬಣ್ಣ ಬಿಟ್ಟು ಎರಡು. ಮತ್ತು ದಯವಿಟ್ಟು ಬೆನ್ನ ಮೇಲಿನ ಪ್ರಾಯೋಜಕರ ಪಟ್ಟಿಗೆ ಜಾಗ ಬಿಡಬೇಡಿ. ಅವರ ಹೆಸರುಗಳನ್ನು ಕಾರ್ಯಕ್ರಮದ ದಿನ ವೇದಿಕೆಯ ಮೇಲೆ ದೊಡ್ಡ ಬ್ಯಾನರಿನಲ್ಲಿ ಹಾಕೋಣ ಅಂತ ನಾನೂ ನನ್ನ ಗೆಳತಿಯರೂ ಆಗಲೇ ಕೇಳಿಕೊಂಡಿದ್ದೇವೆ.